ಮೂವತ್ತನಾಲ್ಕನೆಯ ವಾಕ್ಯ

ನಮ್ಮೂರ ಕಾಲೇಜಿನ ಆಡಳಿತ ಮಂಡಳಿಯ ಚುನಾವಣೆಯಲ್ಲಿ ನಾನು ಗೆದ್ದದ್ದು ಒಂದೇ ಒಂದು ವಾಕ್ಯದ ಬಲದಿಂದ. ಆ ವಾಕ್ಯ ನನ್ನದೆಂದರೆ ಸುಳ್ಳಾಗುತ್ತದೆ, ನನ್ನದಲ್ಲವೆಂದರೂ ಸುಳ್ಳಾಗುತ್ತದೆ. ಮೂವತ್ತೆರಡು ವರ್ಷ ಅದೇ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದವನು ನಾನು. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯಿರಿ, ಉತ್ತರಕ್ಕೆ ಹೊಂದುವಂತೆ ತಿದ್ದಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ನಾಲಗೆ ಸವೆಸಿಕೊಂಡವನು. ಇದನ್ನೂ ಹಾಗೆಯೇ ಬರೆಯುತ್ತೇನೆ.

ನಮ್ಮೂರಲ್ಲಿ ಮಾತು ಯಾರಿಂದ ಬಂತೋ ಅವರ ದನಿಯಲ್ಲೇ ಬಾಯಿಂದ ಹೊರಡುತ್ತದೆ. ನನ್ನ ಹೆಂಡತಿ ಚಂಪಾ ಸಾರಿಗೆ ಹುಣಸೆಹಣ್ಣು ಎಷ್ಟು ಎಂದು ಸೊಸೆಗೆ ಹೇಳುವಾಗ, ತೀರಿಹೋಗಿ ಹನ್ನೊಂದು ವರ್ಷವಾದ ನನ್ನ ಅತ್ತೆ ಅಡುಗೆಮನೆಯಲ್ಲಿ ಮಾತಾಡುತ್ತಾರೆ. ಒಂದನೇ ತರಗತಿಯ ನಲವತ್ತು ಮಕ್ಕಳು ಮಗ್ಗಿ ಹೇಳಿದರೆ ನಲವತ್ತು ಬಾಯಿಂದಲೂ ಒಬ್ಬರೇ ಮುದುಕ ಮೇಷ್ಟ್ರು ಕೇಳಿಸುತ್ತಾರೆ. ಸೊಪ್ಪು ಮಾರುವವರು ಹೆಂಗಸರಾಗಲಿ ಗಂಡಸರಾಗಲಿ ಬೀದಿಯಲ್ಲಿ ಕೂಗುವುದು ಎಂದೋ ಸತ್ತ ಒಬ್ಬಳು ಮುದುಕಿಯ ಗಂಟಲಿನಿಂದ. ಆಕೆ ಯಾರು, ಯಾವ ಮನೆಯವಳು ಎಂದು ಈಗ ಯಾರಿಗೂ ತಿಳಿಯದು. ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಅದನ್ನು ಬರೆದವರ ದನಿ. ಗಂಡ ಹೆಂಡಿರು ಜಗಳವಾಡಿದರೆ ನಡುನಡುವೆ ‘ಇದು ನಿಮ್ಮಕ್ಕ ಹೇಳ್ಕೊಟ್ಟಿದ್ದು’ ಎಂದು ಬೇರೆಯಾಗಿ ಹೇಳಬೇಕಿಲ್ಲ, ಅಕ್ಕನೇ ಕೇಳಿಸಿರುತ್ತಾಳೆ. ಯಾರಿಂದಲೂ ಪಡೆಯದೆ ತಾನೇ ಕಂಡುಕೊಂಡದ್ದನ್ನು ಹೇಳಿದಾಗ ಮಾತ್ರ ಸ್ವಂತ ದನಿ. ಅದು ಅಪರೂಪ. ಹೆಣ್ಣು ನೋಡಲು ಬಂದವರು ಹುಡುಗಿಯ ಸ್ವಂತ ದನಿ ಒಂದು ಸಲ ಕೇಳಬೇಕಿತ್ತು ಎಂದು ಹಟ ಹಿಡಿದದ್ದಕ್ಕೆ, ಒಲೆಯಿಂದ ಇಳಿಸಿದ ಪಾತ್ರೆಯನ್ನು ಬಟ್ಟೆಯಿಲ್ಲದೆ ಅವಳ ಕೈಗೆ ಕೊಟ್ಟ ತಾಯಂದಿರೂ ನಮ್ಮೂರಲ್ಲಿದ್ದಾರೆ.

ಕಾಲೇಜು ಊರವರದು. ಕಟ್ಟುವಾಗ ಕಲ್ಲು ಹೊತ್ತ ಮನೆಗೊಂದರಂತೆ ಮತ, ಮಂಡಳಿಗೆ ಏಳು ಜನ. ಒಬ್ಬ ಸದಸ್ಯರು ತೀರಿಕೊಂಡು ಜಾಗ ಖಾಲಿಯಾದಾಗ ಅಕ್ಕಿ ಗಿರಣಿಯ ರುದ್ರಮುನಿ ನಿಂತರು. ಎದುರಿಗೆ ನಿಲ್ಲುವವರು ಯಾರೂ ಇರಲಿಲ್ಲ. ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ನಿಲ್ಲುವ ಆಸೆ ನನಗಿರಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ಇತ್ತು. ಮೂವತ್ತೆರಡು ವರ್ಷ ಮಂಡಳಿಯ ಸಭೆ ನಡೆಯುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಕರೆ ಬರಲೆಂದು ಕಾದವನಿಗೆ ಒಳಗಿನ ಕುರ್ಚಿಯ ಆಸೆ ಇಲ್ಲದಿರುತ್ತದೆಯೆ? ಆದರೆ ನಿಲ್ಲಿ ಎಂದು ಬಾಯಿಬಿಟ್ಟು ಹೇಳಿದವಳು ಒಬ್ಬಳೇ. ಲ್ಯಾಬಿನ ಅಟೆಂಡರ್ ಚಿಕ್ಕತಾಯಮ್ಮ.

ಚಿಕ್ಕತಾಯಮ್ಮನಿಗೆ ಆಗ ನಲವತ್ತು. ಗಾಜಿನ ಸಾಮಾನು ತೊಳೆಯುವುದು, ಸ್ಟವ್ ಹಚ್ಚುವುದು, ಬೀಗದ ಕೈ ಇಟ್ಟುಕೊಳ್ಳುವುದು ಅವಳ ಕೆಲಸ. ಕಾಲೇಜಿನಲ್ಲಿ ಸಂಜೆ ತರಗತಿ ತೆರೆದಾಗ ಮೊದಲ ದಿನವೇ ಹೆಸರು ಬರೆಸಿದವಳು ಅವಳು. ಅವಳ ಜೊತೆ ಹೋಟೆಲ್ ಮಾಣಿಗಳು, ಟೈಲರುಗಳು, ಬಸ್ಸಿನ ಕಂಡಕ್ಟರೊಬ್ಬ. ಪಾಠ ಸಂಜೆ ನಡೆಯುತ್ತಿತ್ತು, ಆದರೆ ಲ್ಯಾಬ್ ತೆರೆಯುತ್ತಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ ಮಾತ್ರ. ಪ್ರಾಕ್ಟಿಕಲ್ ಪರೀಕ್ಷೆಯೂ ಆಗಲೇ. ಸಂಜೆಯವರೆಲ್ಲ ಆ ಹೊತ್ತಿನಲ್ಲಿ ಅವರವರ ಕೆಲಸದ ಮೇಲಿರುತ್ತಿದ್ದರು. ಚಿಕ್ಕತಾಯಮ್ಮನಂತೂ ಲ್ಯಾಬಿನ ಒಳಗೇ ಇರುತ್ತಿದ್ದಳು, ಬೇರೆಯವರು ಪರೀಕ್ಷೆ ಬರೆಯಲೆಂದು ಪಿಪೆಟ್ ತೊಳೆದುಕೊಡುತ್ತ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರು ಎಂದು ಬೀಳುತ್ತಿತ್ತು. ಅದನ್ನು ಎರಡು ವರ್ಷ ಬರೆದವರು ನನ್ನ ನಂತರ ಬಂದವರು, ನಾನಲ್ಲ. ಈ ಒಂದರಲ್ಲಾದರೂ ನಾನಲ್ಲ. ಪರೀಕ್ಷೆಗೆ ಮೂರು ಸಲ ಗೈರುಹಾಜರಾದರೆ ಹೆಸರು ಪಟ್ಟಿಯಿಂದ ಹೋಗುತ್ತದೆ, ಮತ್ತೆ ಸೇರಿಸಿಕೊಳ್ಳುವುದಿಲ್ಲ. ಮೂರನೆಯ ಪರೀಕ್ಷೆಗೆ ಎರಡೂವರೆ ತಿಂಗಳಿತ್ತು.

ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ಚಂಪಾ ಕೊಟ್ಟ ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು, ಜಗುಲಿಯ ಅಂಚಿನಲ್ಲಿ ಕೂತಳು.

“ನೀವು ನಿಂತ್ಕೊಳಿ ಸಾರ್. ನಾನು ಕೆಲಸದೋಳು, ನಿಂತ್ಕೊಳೋ ಹಂಗಿಲ್ಲ. ನಿಮಗೆ ಲ್ಯಾಬು ಗೊತ್ತು.”

“ನಿಂತು ಏನು ಹೇಳಲಿ?”

ಅವಳು ಸ್ವಲ್ಪ ಯೋಚಿಸಿ ಹೇಳಿದಳು. “ಬಾಗ್ಲು ಮಕ್ಕಳನ್ನ ಕಾಯ್ಬೇಕು, ಮಕ್ಕಳು ಬಾಗ್ಲು ಕಾಯೋದಲ್ಲ. ಇಷ್ಟೇ ಹೇಳಿ.”

ಅದು ಅವಳದೇ ದನಿ. ಸ್ವಲ್ಪ ಒಡಕು, ತುದಿಯಲ್ಲಿ ಮೇಲಕ್ಕೆ ಏರುವ ದನಿ. ಅಡುಗೆಮನೆಯಲ್ಲಿದ್ದ ಚಂಪಾ ಕೂಡ ಕೈಕೆಲಸ ಬಿಟ್ಟು ಹೊರಗೆ ಇಣುಕಿದಳು. ಕಾಯುವುದು ಎನ್ನುವ ಒಂದು ಮಾತಿನಲ್ಲಿ ಅವಳು ಎದುರುನೋಡುವುದನ್ನೂ ಕಾಪಾಡುವುದನ್ನೂ ಒಟ್ಟಿಗೆ ಹಿಡಿದಿದ್ದಳು. ಜೊತೆಗೆ ಹದಿನಾರು ವರ್ಷ ತಾನು ಬಾಗಿಲು ಕಾದದ್ದನ್ನೂ.

“ನಾನು ಹೇಳಿದರೆ ನಿನ್ನ ದನಿಯಲ್ಲಿ ಬರುತ್ತಲ್ಲಮ್ಮ,” ಅಂದೆ.

“ಬರ್ಲಿ ಬಿಡಿ ಸಾರ್. ಅದಕ್ಕೇ ಅಲ್ವಾ ಹೇಳ್ತಿರೋದು?” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕಳು. “ಆ ಮೆಟ್ಟಿಲ ಮೇಲೆ ನನ್ನ ದನಿ ಒಂದು ಸಲ ಕೇಳಿಸ್ಲಿ. ಕಸ ಗುಡಿಸೋಕೆ ಮಾತ್ರ ಹತ್ತಿದೀನಿ ಅಲ್ಲಿಗೆ.”

ಆಗಲಿ ಎಂದೆ. ಆಗಲಿ ಎಂದಾಗ ಬಂದದ್ದು ನನ್ನ ತಂದೆಯ ದನಿ. ಅವರು ಎಲ್ಲದಕ್ಕೂ ಆಗಲಿ ಅನ್ನುತ್ತಿದ್ದರು.

ಚುನಾವಣೆಯ ಹಿಂದಿನ ಭಾನುವಾರ ಅಭ್ಯರ್ಥಿಗಳು ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಊರಿನ ಎದುರು ಮಾತಾಡಬೇಕು. ಜನ ಮಾತು ಕೇಳುವುದಕ್ಕಿಂತ ಹೆಚ್ಚಾಗಿ, ಎಷ್ಟು ಮಾತು ಸ್ವಂತ ದನಿಯಲ್ಲಿ ಬಂತು ಎಂದು ಲೆಕ್ಕ ಹಾಕುತ್ತಾರೆ. ಹಿಂದೊಮ್ಮೆ ಒಬ್ಬರು ಇಡೀ ಭಾಷಣದಲ್ಲಿ ಸ್ವಂತ ದನಿಯಲ್ಲಿ ‘ನನಗೆ ತಿಳಿಯದು’ ಎಂದು ಒಂದೇ ಮಾತು ಆಡಿ ಗೆದ್ದಿದ್ದರಂತೆ.

ನಾನು ಭಾಷಣ ಬರೆದು ಮಹಡಿಯ ಮೇಲೆ ಗಟ್ಟಿಯಾಗಿ ಹೇಳಿ ನೋಡಿದೆ. ಚಿಕ್ಕತಾಯಮ್ಮನ ವಾಕ್ಯ ಬಂದಾಗ ಅವಳ ದನಿ ಬಂತು. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಲೆಯೆತ್ತಿ, “ಮೇಷ್ಟ್ರ ಮನೇಲಿ ಯಾರೋ ಹೆಂಗಸು ಹಾಜರಿ ಕೂಗ್ತಾವ್ಳೆ” ಎಂದು ಪಕ್ಕದವನಿಗೆ ಹೇಳಿದ. ಇಬ್ಬರೂ ನಕ್ಕರು. ಅಷ್ಟೇ ಆದದ್ದು. ಅಷ್ಟಕ್ಕೇ ನನಗೆ ಕಿವಿಯವರೆಗೆ ಬಿಸಿಯಾಯಿತು. ಊರೆಲ್ಲ ಸೇರಿದ ಕಡೆ, ಮಂಡಳಿಯ ಅಧ್ಯಕ್ಷರ ಎದುರಿಗೆ, ನಾನು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ನಿಂತು ಅಟೆಂಡರ್ ಹೆಂಗಸಿನ ದನಿಯಲ್ಲಿ ಮಾತಾಡುವುದನ್ನು ಕಣ್ಣ ಮುಂದೆ ತಂದುಕೊಂಡೆ. ಅದು ಬೇಡ ಅನ್ನಿಸಿತು. ಆ ಕ್ಷಣ ನನ್ನ ತಲೆಯಲ್ಲಿ ಬಂದ ಪದ ‘ಅಸಹ್ಯ’. ಅದನ್ನೂ ಬರೆದಿಡಬೇಕು.

ಆದರೆ ವಿಚಾರ ಬಿಡಲು ಮನಸ್ಸಾಗಲಿಲ್ಲ, ಒಳ್ಳೆಯ ವಿಚಾರ. ಆದ್ದರಿಂದ ನನಗೆ ಬರುವ ಒಂದೇ ವಿದ್ಯೆಯನ್ನು ಬಳಸಿದೆ. ಹಳೆಯ ಪ್ರಾಕ್ಟಿಕಲ್ ಪುಸ್ತಕದ ಖಾಲಿ ಹಾಳೆಯಲ್ಲಿ ಮೂರು ಕಾಲಂ ಎಳೆದೆ: ಕ್ರಮಸಂಖ್ಯೆ, ವಾಕ್ಯ, ಯಾರ ದನಿ. ಟೈಟ್ರೇಷನ್ ಮಾಡುವ ಹಾಗೆ, ಒಂದು ಸಲಕ್ಕೆ ಒಂದೇ ಹನಿ, ಒಂದೇ ಪದ ಬದಲಿಸುತ್ತ ಹೋದೆ. ವ್ಯಾಕರಣ ತಿದ್ದಿದೆ, ದನಿ ಪೂರ್ತಿ ಅವಳದೇ. ‘ಮಕ್ಕಳು’ ತೆಗೆದು ‘ವಿದ್ಯಾರ್ಥಿಗಳು’ ಅಂದೆ. ಆ ಒಂದು ಪದದ ಮೇಲೆ ನನ್ನ ದನಿ ಕಾಣಿಸಿ ಮಾಯವಾಯಿತು. ಫ್ಲಾಸ್ಕಿನಲ್ಲಿ ಗುಲಾಬಿ ಬಣ್ಣ ಮಿಂಚಿ, ಅಲುಗಿಸಿದೊಡನೆ ಹೋಗಿಬಿಡುತ್ತದಲ್ಲ, ಹಾಗೆ. ಇಪ್ಪತ್ತೆರಡನೆಯ ವಾಕ್ಯದ ಹೊತ್ತಿಗೆ ಎಲ್ಲವೂ ನನ್ನದಾಗಿ, ನಡುವೆ ‘ಕಾಯಬೇಕು’ ಎಂಬ ಒಂದು ಪದ ಮಾತ್ರ ಅವಳ ಗಂಟಲಿನಲ್ಲಿ ಬರುತ್ತಿತ್ತು. ಅದನ್ನೂ ತೆಗೆದೆ. ಮೂವತ್ತಮೂರರಲ್ಲಿ ‘ಹೊಂದಿಸತಕ್ಕದ್ದು’ ಎಂದು ಹಾಕಿದರೆ ಆಫೀಸಿನ ಗುಮಾಸ್ತ ಶೇಷಗಿರಿಯ ಮೂಗಿನ ದನಿ ಬಂದು ಬೆಚ್ಚಿಬಿದ್ದೆ. ಮೂವತ್ತನಾಲ್ಕನೆಯದು ಹೀಗಿತ್ತು: ‘ಲ್ಯಾಬಿನ ಗಡಿಯಾರ ವಿದ್ಯಾರ್ಥಿಗಳ ಅನುಕೂಲದ ಕಡೆಗೆ ತಿರುಗಬೇಕು.’ ಮೊದಲಿನಿಂದ ಕೊನೆಯವರೆಗೆ ನನ್ನ ದನಿ. ಎಷ್ಟು ಅಲುಗಿಸಿದರೂ ಹೋಗಲಿಲ್ಲ.

ಚಂಪಾಳನ್ನು ಕರೆದು ಹೇಳಿ ತೋರಿಸಿದೆ.

“ನಿಮ್ಮದೇ ದನಿ,” ಅಂದಳು. “ನಮ್ಮ ಮದುವೆ ಆದ್ಮೇಲೆ ಇಷ್ಟುದ್ದ ಕೇಳಿದ್ದು ಇದೇ ಮೊದಲು.”

“ಹೇಗಿದೆ?”

“ಚೆನ್ನಾಗಿದೆ. ಏನರ್ಥ?”

“ಅದೇ, ಚಿಕ್ಕತಾಯಮ್ಮ ಹೇಳಿದ್ದೇ.”

“ಹೌದಾ? ಅವಳು ಹೇಳಿದಾಗ ನಾನು ಒಗ್ಗರಣೆ ಸೀಯೋಕೆ ಬಿಟ್ಟು ಬಂದಿದ್ದೆ. ಇದಕ್ಕೆ ಒಲೆ ಮುಂದಿಂದ ಏಳ್ತಿರಲಿಲ್ಲ.” ಒಳಗೆ ಹೋಗುತ್ತ ತಿರುಗಿ ಕೇಳಿದಳು, “ಅಲ್ಲ, ಗಡಿಯಾರ ಯಾವ ಕಡೆ ತಿರುಗಿದ್ರೂ ಬಾಗ್ಲು ತೆಗೆಯೋರು ಯಾರು?”

ನಾನು ಅದನ್ನು ಹೆಂಗಸಿನ ಕೊಂಕು ಎಂದುಕೊಂಡೆ.

ಭಾನುವಾರ ರುದ್ರಮುನಿ ಮೊದಲು ಮಾತಾಡಿದರು. ಅವರು ಬಾಯಿ ತೆರೆದರೆ ಬರುವುದೆಲ್ಲ ಅವರ ತಂದೆಯ ದನಿ. ಆ ಹಿರಿಯರು ಊರಿಗೆ ಬೇಕಾಗಿದ್ದವರು. ಮುದುಕರು ಕೆಲವರು ಕಣ್ಣೊರೆಸಿಕೊಂಡರು. ಹತ್ತು ನಿಮಿಷವಾದ ಮೇಲೆ ಹಿಂದಿನಿಂದ ಯಾರೋ ಕೂಗಿದರು: “ಗಿರಣಿ ಯಜಮಾನ್ರೇ, ಮಗನಿಗೂ ಒಂದು ಮಾತಾಡೋಕೆ ಬಿಡಿ!” ಜನ ಗೊಳ್ಳೆಂದು ನಕ್ಕರು. ರುದ್ರಮುನಿ ಪಾಪ ಮುಖ ಕೆಂಪಗೆ ಮಾಡಿಕೊಂಡು ಏನೋ ಹೇಳಹೋದರು. ಅದೂ ತಂದೆಯ ದನಿಯಲ್ಲೇ ಬಂತು.

ನಾನು ಕಾಲೇಜಿನ ಇತಿಹಾಸ ಹೇಳಿದೆ, ನನ್ನ ಗುರುಗಳ ದನಿಯಲ್ಲಿ. ವಿಜ್ಞಾನದ ಮಹತ್ವ ಹೇಳಿದೆ, ಯಾವುದೋ ಪುಸ್ತಕದ ಅಪರಿಚಿತನ ದನಿಯಲ್ಲಿ. ಕೊನೆಗೆ ಒಂದು ಗುಟುಕು ನೀರು ಕುಡಿದು ಮೂವತ್ತನಾಲ್ಕನೆಯ ವಾಕ್ಯ ಹೇಳಿದೆ. ಆಮೇಲೆ ಬಿದ್ದ ಚಪ್ಪಾಳೆಗೆ ಮರದ ಮೇಲಿನ ಕಾಗೆಗಳೆದ್ದವು. ಅಧ್ಯಕ್ಷರೇ ಎದ್ದು ಬಂದು ಕೈ ಕುಲುಕಿದರು. “ಧರಣೇಂದ್ರಯ್ಯ, ಇಷ್ಟು ವರ್ಷ ಈ ದನಿಯನ್ನ ಎಲ್ಲಿಟ್ಟಿದ್ರಿ?”

ಜನ ಕರಗುವವರೆಗೆ ಚಿಕ್ಕತಾಯಮ್ಮ ದೂರದಲ್ಲಿ ನಿಂತಿದ್ದಳು. ಹೊಸ ಸೀರೆ ಉಟ್ಟು ಹೂ ಮುಡಿದಿದ್ದಳು. ಆಮೇಲೆ ಹತ್ತಿರ ಬಂದಳು.

“ಚೆನ್ನಾಗಿತ್ತು ಸಾರ್. ನಂದು ಎಲ್ಲಿ ಬಂತೂಂತ ಗೊತ್ತಾಗ್ಲಿಲ್ಲ. ಪಕ್ಕದಲ್ಲಿ ಮಗು ಅಳ್ತಿತ್ತು, ಅದಕ್ಕೇ ತಪ್ಪೋಯ್ತೇನೋ.”

“ಇಲ್ಲಮ್ಮ, ಬಂತಲ್ಲ. ಕೊನೆಯ ವಾಕ್ಯ.”

ಅವಳು ಆ ವಾಕ್ಯವನ್ನು ನೆನಪಿಸಿಕೊಳ್ಳುತ್ತಿರುವುದು ಕಾಣಿಸಿತು. ಮಾಲು ಕೊಂಡು ಮನೆಗೆ ಒಯ್ದು ಬಿಚ್ಚಿ ನೋಡುವವರ ಹಾಗೆ ನೋಡುತ್ತಿದ್ದಳು.

“ಓ, ಅದಾ,” ಅಂದಳು. ಮುಡಿದ ಹೂ ಸರಿಮಾಡಿಕೊಂಡು, “ಗೆದ್ದ ಮೇಲೆ ಒಳಗೆ ಹೇಳ್ತೀರಲ್ಲ ಸಾರ್, ಅಷ್ಟಾದ್ರೆ ಸಾಕು.”

ನಾನು ಇನ್ನೂರಹದಿನಾರು ಮತಗಳಿಂದ ಗೆದ್ದೆ. ವಾರವಿಡೀ ಊರಲ್ಲಿ ನನ್ನ ವಾಕ್ಯ ಓಡಾಡಿತು. ನನ್ನಿಂದ ಕಲಿತದ್ದಾದ್ದರಿಂದ ಎಲ್ಲರ ಬಾಯಲ್ಲೂ ನನ್ನದೇ ದನಿ. ಕ್ಷೌರದಂಗಡಿಯಲ್ಲಿ ನಾನು ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ ಹಿಂದಿನ ಬೆಂಚಿನಿಂದ ನಾನೇ ಮಾತಾಡಿದ್ದು ಕೇಳಿಸಿತು. ಮೊದಲ ಎರಡು ದಿನ ಅದು ಹಿತವಾಗಿತ್ತು.

ಮಂಡಳಿಯ ಮೊದಲ ಸಭೆಯಲ್ಲಿ ಅಧ್ಯಕ್ಷರು ನನ್ನ ವಾಕ್ಯವನ್ನು ಗೌರವದಿಂದ ಓದಿ, ಇದನ್ನು ನಿರ್ಣಯವಾಗಿ ತೆಗೆದುಕೊಳ್ಳೋಣ ಎಂದರು. ಎಲ್ಲರೂ ಕೈಯೆತ್ತಿದರು. ಪ್ರಿನ್ಸಿಪಾಲರು ಆಗಲೇ ವಿದ್ಯಾರ್ಥಿಗಳನ್ನು ವಿಚಾರಿಸಿಕೊಂಡು ಬಂದಿದ್ದರು, ಹಗಲಿನ ವಿದ್ಯಾರ್ಥಿಗಳನ್ನು. ಅವರಿಗೆ ಹನ್ನೊಂದಕ್ಕಿಂತ ಹತ್ತು ಗಂಟೆ ಅನುಕೂಲವಂತೆ. ಮಧ್ಯಾಹ್ನದ ಊಟಕ್ಕೆ ಬೇಗ ಮನೆಗೆ ಹೋಗಬಹುದು. “ಹಾಗಾದರೆ ಗಡಿಯಾರವನ್ನ ಒಂದು ಗಂಟೆ ಹಿಂದಕ್ಕೆ ತಿರುಗಿಸೋಣ,” ಎಂದು ಅಧ್ಯಕ್ಷರು ನಕ್ಕರು.

“ಸಂಜೆಯವರು?” ಅಂದೆ ನಾನು.

“ಅವರೇನಂತೆ?”

ಹೇಳಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಅದನ್ನು ಹೇಳಲು ಇದ್ದ ಚಿಕ್ಕತಾಯಮ್ಮನ ಮಾತೂ ಗೊತ್ತಿತ್ತು, ಬೇರೆ ಮೂವತ್ತಮೂರು ಬಗೆಯಲ್ಲಿ ಹೇಳಿ ನೋಡಿದವನಲ್ಲವೆ ನಾನು? ಯಾವುದೂ ಸಾಲದು. ಬಾಯಿ ತೆರೆದೆ. ಗಂಟಲು ಅವಳ ದನಿಗೆ ಸಿದ್ಧವಾಗುವುದು ನನಗೇ ತಿಳಿಯಿತು. ಎದುರಿಗೆ ಆರು ಜನ, ನನ್ನ ದನಿಯನ್ನು ಮೆಚ್ಚಿ ಆರಿಸಿದ ಊರಿನ ಆರು ಜನ ದೊಡ್ಡವರು. ನಾನು ಕೆಮ್ಮಿದೆ. ನೀರು ಕುಡಿದೆ. “ಏನಿಲ್ಲ, ಅವರನ್ನೂ ಮುಂದೆ ಗಮನಿಸಬೇಕು,” ಅಂದೆ. ಅದು ಶೇಷಗಿರಿಯ ದನಿಯಲ್ಲಿ ಬಂತು. ಯಾರಿಗೂ ಆಶ್ಚರ್ಯವಾಗಲಿಲ್ಲ.

ಲ್ಯಾಬ್ ಹತ್ತು ಗಂಟೆಗೆ ಬದಲಾಯಿತು. ಚಿಕ್ಕತಾಯಮ್ಮ ಒಂದು ಗಂಟೆ ಮುಂಚೆ ಬಂದು ಬೀಗ ತೆಗೆಯಬೇಕಾಯಿತು. ದಾರಿಯಲ್ಲಿ ಎರಡು ಸಲ ಸಿಕ್ಕಳು. ಒಂದು ಸಲ ನಮಸ್ಕಾರ ಸಾರ್ ಅಂದಳು. ಇನ್ನೊಂದು ಸಲ ನಾನು ತರಕಾರಿ ಅಂಗಡಿಯ ಕಡೆ ತಿರುಗಿ ಬೇಡದ ಹೀರೇಕಾಯಿ ಕೊಂಡೆ. ಪರೀಕ್ಷೆ ಬಂತು, ಆಯಿತು. ಆ ದಿನ ಅವಳು ಎಂದಿನಂತೆ ಒಳಗೇ ಇದ್ದಳಂತೆ. ಒಬ್ಬ ಹುಡುಗಿಯ ಬ್ಯೂರೆಟ್ ಸೋರುತ್ತಿದೆಯೆಂದು ಮೊದಲು ಕಂಡವಳೂ ಅವಳೇ, ಬೇರೆ ತಂದುಕೊಟ್ಟವಳೂ ಅವಳೇ.

ಎರಡನೆಯ ಸಭೆಯ ವಿಷಯಪಟ್ಟಿಯಲ್ಲಿ, ಮೂರು ಪರೀಕ್ಷೆಗೂ ಗೈರುಹಾಜರಾದವರ ಹೆಸರು ತೆಗೆಯುವುದಿತ್ತು. ಮಂಡಳಿಯಲ್ಲಿ ಒಂದು ಪದ್ಧತಿ: ತೆಗೆಯಬೇಕಾದ ಹೆಸರುಗಳನ್ನು ಹೊಸ ಸದಸ್ಯ ಎದ್ದು ನಿಂತು ಗಟ್ಟಿಯಾಗಿ ಓದಬೇಕು, ಮಿಕ್ಕವರು ಆಗಬಹುದು ಎನ್ನಬೇಕು. ಈ ಪದ್ಧತಿ ನನಗೆ ತಿಳಿದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತವರಿಗೆ ಒಳಗಿನ ಪದ್ಧತಿ ತಿಳಿಯುವುದಿಲ್ಲ. ಶೇಷಗಿರಿ ಹಾಳೆಯನ್ನು ಕೈಗಿತ್ತ. ಒಂಬತ್ತು ಹೆಸರು.

ಮೊದಲನೆಯದು ಹೋಟೆಲಿನ ಹುಡುಗನೊಬ್ಬನದು. ನನಗೆ ಅವನು ಗೊತ್ತಿಲ್ಲ; ಹೆಸರು ಬರೆದ ಶೇಷಗಿರಿಯ ಮೂಗಿನ ದನಿಯಲ್ಲಿ ಬಂತು. ಆಗಬಹುದು, ಎಂದರು. ಎರಡನೆಯದು, ಮೂರನೆಯದು, ನಾಲ್ಕನೆಯದು ಹಾಗೆಯೇ. ಆಗಬಹುದು, ಆಗಬಹುದು. ಐದನೆಯ ಹೆಸರನ್ನು ನಾನು ಪಟ್ಟಿಯಿಂದ ತಿಳಿದವನಲ್ಲ. ಹದಿನಾರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಬೆಳಿಗ್ಗೆ, ಲ್ಯಾಬಿನ ತೊಟ್ಟಿಯ ಪಕ್ಕ ನಿಂತು, ನಾನು ತಲೆಯೆತ್ತದೆ ಹೆಸರೇನು ಎಂದು ಕೇಳಿದ್ದಕ್ಕೆ ಅವಳೇ ಹೇಳಿದ್ದಳು.

“ಚಿಕ್ಕತಾಯಮ್ಮ.”

ಕೋಣೆಯಲ್ಲಿ ಅವಳ ದನಿ ಕೇಳಿಸಿತು. ಈಗಿನದಲ್ಲ. ಇಪ್ಪತ್ತನಾಲ್ಕು ವರ್ಷದ, ಒಡಕಿಲ್ಲದ, ಕೆಲಸ ಸಿಕ್ಕ ಸಂತೋಷ ಇನ್ನೂ ಆರಿರದ ದನಿ. ಆರು ಜನವೂ ತಲೆಯೆತ್ತಿ ನೋಡಿದರು. ಯಾರೂ ಆಗಬಹುದು ಅನ್ನಲಿಲ್ಲ.

“ಸರಿಯಾಗಿ ಕೇಳಿಸಲಿಲ್ಲ,” ಎಂದರು ಅಧ್ಯಕ್ಷರು. ಅವರಿಗೆ ಕೇಳಿಸಿತ್ತು. “ಇನ್ನೊಂದು ಸಲ ಓದಿ.”

ನಾನು ಹಾಳೆ ಕೆಳಗಿಡಬಹುದಿತ್ತು. ಈ ಹೆಸರು ಓದುವುದಿಲ್ಲ ಎನ್ನಬಹುದಿತ್ತು. ಆ ಮೂರು ಪದ ಯಾರಿಂದಲೂ ಕಲಿಯಬೇಕಾದದ್ದಲ್ಲ. ಗಟ್ಟಿಯಾಗಿ ಓದಿ ಮುಗಿಸಿಬಿಟ್ಟರೆ ಬೇಗ ಕೂತುಕೊಳ್ಳಬಹುದು ಎನ್ನಿಸಿ ಇನ್ನಷ್ಟು ಗಟ್ಟಿಯಾಗಿ ಓದಿದೆ.

“ಚಿಕ್ಕತಾಯಮ್ಮ!”

ಹೊರಗೆ ಲೋಟಗಳ ಸದ್ದಾಯಿತು. ಸಭೆಗೆ ಕಾಫಿ ತರುವುದೂ ಅವಳ ಕೆಲಸ ಎಂಬುದನ್ನು ನಾನು ಮರೆತಿದ್ದೆ. “ಬಂದೆ,” ಎಂಬ ದನಿ ಬಂತು, ಒಡಕು ದನಿ. ಬಾಗಿಲು ತೆರೆಯಿತು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊಸ್ತಿಲ ಮೇಲೆ ನಿಂತು, ತನ್ನನ್ನು ತನ್ನದೇ ದನಿಯಲ್ಲಿ ಕರೆದವರು ಯಾರೆಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ಹಾಳೆ ಹಿಡಿದು ನಿಂತಿದ್ದ ನನ್ನ ಮುಖ ನೋಡಿದಳು.

“ಕರೆದ್ರಾ ಸಾರ್?”

“ಇಲ್ಲಮ್ಮ,” ಅಂದೆ. “ಯಾರೂ ಕರೀಲಿಲ್ಲ.”

ಹಾಗೆ ಹೇಳಲು ನನಗೆ ಯಾರೂ ಕಲಿಸಿರಲಿಲ್ಲ. ಅಪ್ಪಟ ನನ್ನ ದನಿಯಲ್ಲಿ ಬಂತು. ಅಧ್ಯಕ್ಷರು ಮೆಚ್ಚಿ ತಲೆದೂಗಿದರು, ಆಗಬಹುದು ಎಂದರು, ಮಿಕ್ಕವರೂ ಆಗಬಹುದು ಎಂದರು. ಚಿಕ್ಕತಾಯಮ್ಮ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು. ನಾನು ಆರನೆಯ ಹೆಸರು ಓದಿದೆ.